ಹಳೇ ಕುಕಿಂಗ್ ರೇಂಜು, ಕೆಂಪು ನೆಲ, ಕಡಪ ಕಟ್ಟೆ: ಬೆಂಗಳೂರಿನ ಹಳೇ ಅಡುಗೆಮನೆಯನ್ನು ಮತ್ತೆ ಬಳಕೆಗೆ ತರುವ ಸಮಗ್ರ ಮಾರ್ಗದರ್ಶಿ

ರಿಚ್‌ಮಂಡ್ ಟೌನ್, ಕುಕ್ ಟೌನ್, ಫ್ರೇಜರ್ ಟೌನ್ ಕಡೆಯ ಹಳೇ ಬಂಗಲೆಗಳು ಬಿಲ್ಡರ್ ಕೈಗೆ ಹೋಗುವಾಗ ಅಡುಗೆಮನೆಯಿಂದ ನಾಲ್ಕು ಜನ ಹೊರುವಂಥ ಒಂದು ಕಬ್ಬಿಣದ ಪೆಟ್ಟಿಗೆ ಹೊರಬರುವುದುಂಟು. ಮೇಲೆ ನಾಲ್ಕು ಬರ್ನರ್, ಕೆಳಗೆ ಓವನ್, ಮಾಸಿದ ಬಿಳಿ ಇಲ್ಲವೇ ತಿಳಿಹಸಿರು ಎನಾಮಲ್, ಎರಡು ನಾಬ್ ಮಾಯ. ಅದೇ ಕುಕಿಂಗ್ ರೇಂಜು. 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸಾಹತಾಗಿ ಶುರುವಾದ ವೈಟ್‌ಫೀಲ್ಡಿನ ಮನೆಗಳಲ್ಲೂ ಇಂಥವು ಇದ್ದವು; ಕ್ರಿಸ್‌ಮಸ್ ಕೇಕು ಮನೆಯಲ್ಲೇ ಬೇಯಬೇಕಲ್ಲ. ಮಲ್ಲೇಶ್ವರ, ಬಸವನಗುಡಿ, ಜಯನಗರದ ಕಡೆ ರೇಂಜು ಅಪರೂಪ. ಅಲ್ಲಿ ಉಳಿದಿರುವುದು ಕೆಂಪು ನೆಲ, ಕಡಪ ಕಲ್ಲಿನ ಕಟ್ಟೆ, ಅಟ್ಟದ ಮೇಲೆ ಹಿತ್ತಾಳೆಯ ಪಂಪ್ ಸ್ಟವ್, ಗುಲಾಬಿ ಬಣ್ಣದ ನಾಲ್ಕಿಂಚಿನ ಟೈಲು.

‘ಇದೆಲ್ಲ ಓಲ್ಡ್ ಫ್ಯಾಶನ್, ಕಿತ್ತು ಮಾಡ್ಯುಲರ್ ಹಾಕಿಸಿ’ ಎನ್ನುವವರು ಊರ ತುಂಬ ಇದ್ದಾರೆ. ಇದನ್ನು ಬರೆಯುತ್ತಿರುವುದು ಕೀಳದೆ ಬಳಸಬೇಕೆಂದು ಇರುವವರಿಗೆ. ನಾನು ಹಿಡಿಯುವ ನಿಯಮ ಒಂದೇ: ಮೈ ಹಳೇದಿರಲಿ, ಗ್ಯಾಸು ಮತ್ತು ಕರೆಂಟು ಹರಿಯುವ ದಾರಿ ಹೊಸದಾಗಲಿ. ಎನಾಮಲ್, ಬಾಗಿಲು, ನೆಲ, ಟೈಲು ಎಷ್ಟು ಹಳೇದಾದರೂ ಯಾರನ್ನೂ ಕೊಲ್ಲುವುದಿಲ್ಲ. ಐವತ್ತು ವರ್ಷದ ರಬ್ಬರ್ ಟ್ಯೂಬು ಕೊಲ್ಲುತ್ತದೆ.

ನಿಮ್ಮ ಹತ್ತಿರ ಇರುವುದು ಯಾವ ಜಾತಿಯ ಒಲೆ?

ಮೊದಲು ಇದು ಗೊತ್ತಾಗಬೇಕು, ಮಿಕ್ಕ ಕೆಲಸವೆಲ್ಲ ಇದರ ಮೇಲೆ ನಿಂತಿದೆ. ಒಲೆಯನ್ನು ಗೋಡೆಯಿಂದ ಎಳೆದು ಹಿಂಭಾಗದಲ್ಲೋ ಓವನ್ ಬಾಗಿಲಿನ ಅಂಚಿನಲ್ಲೋ ಇರುವ ತಗಡಿನ ಪಟ್ಟಿ ಓದಿ. ಯಾವ ಅನಿಲಕ್ಕೆ ಮಾಡಿದ್ದು, ಎಷ್ಟು ವೋಲ್ಟ್ ಎಂಬುದು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ.

ನಮ್ಮ ದೇಶದಲ್ಲಿ ಎಲ್‌ಪಿಜಿ ಅಡುಗೆಮನೆಗೆ ಬಂದದ್ದು 1955ರಲ್ಲಿ, ಮುಂಬಯಿಯಲ್ಲಿ, ಬರ್ಮಾ ಶೆಲ್‌ನ ‘ಬರ್ಶೇನ್’ ಹೆಸರಿನಲ್ಲಿ. ಇಂಡೇನ್ ಶುರುವಾದದ್ದು 1965ರಲ್ಲಿ, ಕೋಲ್ಕತ್ತದಲ್ಲಿ. ಹಾಗಾಗಿ ಅದಕ್ಕೂ ಹಿಂದಿನ ಕಾಲದ ಗ್ಯಾಸ್ ರೇಂಜು ಬೆಂಗಳೂರಿನಲ್ಲಿ ಕೈಗೆ ಸಿಕ್ಕರೆ, ಅದು ಬೇರೆ ಅನಿಲಕ್ಕೆಂದು ತಯಾರಾಗಿ ಹಡಗಿನಲ್ಲಿ ಬಂದದ್ದು ಎಂದೇ ಭಾವಿಸಿ ಮುಂದುವರಿಯಿರಿ. ಬ್ರಿಟನ್ನಿನ ಒಲೆಗಳು ಕಲ್ಲಿದ್ದಲಿನಿಂದ ತೆಗೆದ ಅನಿಲಕ್ಕೆ ಮಾಡಿದಂಥವು. ಓವನ್ ನಾಬಿನ ಮೇಲೆ ಡಿಗ್ರಿಯ ಬದಲು ಬರೀ 1ರಿಂದ 9ರವರೆಗಿನ ಅಂಕಿ ಇದ್ದರೆ, ಅದು 1923ರಲ್ಲಿ ಓವನ್ನಿನ ಶಾಖವನ್ನು ತಾನಾಗಿ ಹಿಡಿತದಲ್ಲಿಡುವ ‘ರೆಗ್ಯುಲೊ’ ಥರ್ಮೋಸ್ಟಾಟ್ ಬಂದ ನಂತರದ ಬ್ರಿಟಿಷ್ ಪದ್ಧತಿ. ಫ್ಯಾರನ್‌ಹೀಟ್ ಅಂಕಿ, ನೆತ್ತಿಯ ಮೇಲೊಂದು ಗಡಿಯಾರ, ದಪ್ಪ ಕ್ರೋಮ್ ಪಟ್ಟಿ ಇದ್ದರೆ ಬಹುಪಾಲು ಅಮೆರಿಕದ್ದು. ಅದು ನೈಸರ್ಗಿಕ ಅನಿಲಕ್ಕೆ ಮಾಡಿದ್ದಿರಬಹುದು. ಇನ್ನು ಎಪ್ಪತ್ತು, ಎಂಬತ್ತರ ದಶಕದ ಭಾರತೀಯ ರೇಂಜು ಹಗುರವಾದ ತಗಡಿನದು, ಪಕ್ಕದಲ್ಲಿ ಸಿಲಿಂಡರ್ ನಿಲ್ಲಿಸುವ ಗೂಡು ಇರುತ್ತದೆ, ಮೊದಲಿನಿಂದಲೂ ಎಲ್‌ಪಿಜಿಯದೇ. ಹೊಸಬರು ಕೈಹಾಕಲು ಇದೇ ಸುಲಭ.

ಗ್ಯಾಸಿಲ್ಲದ ಜಾತಿಗಳೂ ಇವೆ. ಬೆಂಗಳೂರು 1905ರಲ್ಲೇ ಕರೆಂಟು ಕಂಡ ಊರು. ಮುಂದೆ ಅಡುಗೆಗೂ ಬಿಸಿನೀರಿಗೂ ವಿದ್ಯುತ್ ಬಳಸುವ ಮನೆಗಳಿಗೆ ‘ಎಇಎಚ್’ (ಆಲ್ ಎಲೆಕ್ಟ್ರಿಕ್ ಹೋಮ್) ಎಂಬ ಸಂಪರ್ಕವೇ ಬಂತು. ಹಳೇ ಮನೆಗಳ ಮೀಟರ್ ಬೋರ್ಡಿನಲ್ಲಿ ಆ ಮೂರಕ್ಷರ ಈಗಲೂ ಕಾಣಬಹುದು. ಆ ಮನೆಗಳ ಕಾಯಿಲ್ ಒಲೆ ಬಿಳಿ ಪಿಂಗಾಣಿ ತಟ್ಟೆಯ ಸಂದಿನಲ್ಲಿ ಸುರುಳಿ ತಂತಿ ಬರಿಮೈಯಲ್ಲಿ ಕೆಂಪಗೆ ಕಾಯುವಂಥದ್ದು. ಹಾಲು ಉಕ್ಕಿದರೆ ಶಾಕ್, ಸೌಟು ತಗುಲಿದರೆ ಶಾಕ್. ಅದನ್ನು ಕಪಾಟಿನಲ್ಲಿಟ್ಟು ನೋಡಿ, ಹಚ್ಚಬೇಡಿ. ಪಂಪ್ ಸ್ಟವ್ವಿಗೂ ಅದೇ ಮಾತು: ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಳಪಿಸಿ ಷೋಕೇಸಿಗೇರಿಸಿ. ಸೀಮೆಎಣ್ಣೆ ಸಿಗುವುದಿಲ್ಲವೆಂದು ಅದಕ್ಕೆ ಪೆಟ್ರೋಲು ಹಾಕುವ ಸಾಹಸ ಮಾತ್ರ ಯಾರೂ ಮಾಡಬಾರದು.

ಸದಾ ಕಾದೇ ಇರುವ, ಎರಕದ ಕಬ್ಬಿಣದ ‘ಆಗಾ’ ರೇಂಜಿನ ಚಿತ್ರ ನೋಡಿ ಆಸೆಪಡುವವರಿದ್ದಾರೆ. 1922ರಲ್ಲಿ ಅದನ್ನು ರೂಪಿಸಿದ ಗುಸ್ತಾಫ್ ದಾಲೆನ್ ಸ್ವೀಡನ್ನಿನವರು, 1912ರ ಭೌತಶಾಸ್ತ್ರ ನೊಬೆಲ್ ಪಡೆದವರು. ಚಳಿದೇಶದಲ್ಲಿ ಮನೆಯನ್ನೂ ಬೆಚ್ಚಗಿಡುವ ಒಲೆ ಅದು. ಏಪ್ರಿಲ್ ತಿಂಗಳ ಬೆಂಗಳೂರಿಗೆ ಅದು ಯಾಕೆ ಬೇಕು ಎಂದು ನನಗಂತೂ ಹೊಳೆದಿಲ್ಲ.

ಕೊಳ್ಳುವ ಮೊದಲು

ಹುಡುಕುವ ಜಾಗ: ಭಾನುವಾರ ಬೆಳಗ್ಗೆ ಚಿಕ್ಕಪೇಟೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್, ಶಿವಾಜಿನಗರದ ಗುಜರಿ ಅಂಗಡಿಗಳು, ಜಾಲಿ ಮೊಹಲ್ಲಾ, ಮತ್ತು ಎಲ್ಲಕ್ಕಿಂತ ಒಳ್ಳೆಯದು ಒಡೆಯಲು ಬಿಟ್ಟ ಮನೆ. ಮನೆ ಒಡೆಯುವ ಗುತ್ತಿಗೆದಾರರು ಬಾಗಿಲು, ಕಿಟಕಿ, ತೊಲೆಗೆ ಬೆಲೆ ಕಟ್ಟುತ್ತಾರೆ. ಒಲೆಯನ್ನು ತೂಕಕ್ಕೆ ಹಾಕುತ್ತಾರೆ. ತೂಕದ ಬೆಲೆಗೇ ಸಿಗುವಾಗ ‘ಆಂಟಿಕ್’ ಎಂಬ ಮಾತನ್ನು ನೀವಾಗಿ ಎತ್ತಬೇಡಿ.

ಟಾರ್ಚ್ ಒಯ್ಯಿರಿ. ಓವನ್ ಬಾಗಿಲು ತೆಗೆದು ತಳದ ತಗಡು ನೋಡಿ. ತುಕ್ಕು ಮೇಲ್ಮೈಯಲ್ಲಿದ್ದರೆ ಚಿಂತೆಯಿಲ್ಲ. ಹೆಬ್ಬೆರಳು ಒತ್ತಿದಾಗ ತಗಡು ಕುಸಿದರೆ ಬಿಟ್ಟುಬಿಡಿ. ನಾಬ್ ಇಲ್ಲದಿದ್ದರೆ ಪರವಾಗಿಲ್ಲ, ಲೇತ್ ಕೆಲಸದವರು ಮಾಡಿಕೊಡುತ್ತಾರೆ. ಬರ್ನರಿನ ಮೇಲಿನ ಮುಚ್ಚಳ ಕಳೆದಿದ್ದರೆ ಮಾತ್ರ ಯೋಚಿಸಿ, ಅದರ ಜೋಡಿ ಸಿಗುವುದು ದುರ್ಲಭ. ಬಾಗಿಲು ಅರ್ಧ ತೆರೆದಾಗ ಅಲ್ಲೇ ನಿಲ್ಲುತ್ತದೆಯೇ, ಧಡಾರನೆ ಬೀಳುತ್ತದೆಯೇ ನೋಡಿ. ಬಿದ್ದರೆ ಸ್ಪ್ರಿಂಗು ಹೋಗಿದೆ, ಬದಲಾಯಿಸಬಹುದು.

ಒಂದು ವಿಷಯಕ್ಕೆ ಮಾತ್ರ ಹೆದರಲೇಬೇಕು. ಹಳೇ ಓವನ್ನಿನ ಬಾಗಿಲ ಸುತ್ತ ಬೂದು ಬಣ್ಣದ ಹಗ್ಗದಂಥ ಪಟ್ಟಿ ಇರಬಹುದು, ಗೋಡೆಗಳ ನಡುವೆ ಬಿಳಿ ನಾರಿನ ತುಂಬುಸಾಮಾನು ಇರಬಹುದು. ಅದು ಆಸ್ಬೆಸ್ಟಾಸ್ ಆಗಿರುವ ಸಾಧ್ಯತೆ ಹೆಚ್ಚು. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ದಶಕಗಳ ನಂತರವೂ ಕ್ಯಾನ್ಸರ್ ತರಬಲ್ಲದು. ಕೆರೆಯಬೇಡಿ, ಗುಡಿಸಬೇಡಿ, ಡ್ರಿಲ್ ಹಾಕಬೇಡಿ. ಗಟ್ಟಿಯಾಗಿದ್ದು ಉದುರದಿದ್ದರೆ ಹಾಗೇ ಬಿಡುವುದೂ ಒಂದು ದಾರಿ. ಉದುರುತ್ತಿದ್ದರೆ ಆ ರೇಂಜು ಎಷ್ಟು ಚಂದವಿದ್ದರೂ ಬೇಡ.

ಅಳತೆ ಮರೆಯಬೇಡಿ. ನಮ್ಮ ಹಳೇ ಮನೆಗಳ ಅಡುಗೆಮನೆ ಬಾಗಿಲು ಕಿರಿದು, ಹೊಸ್ತಿಲು ಎತ್ತರ. ಓವನ್ ಬಾಗಿಲು, ಒಳತಟ್ಟೆ, ಬರ್ನರ್ ಎಲ್ಲ ಕಳಚಿದ ಮೇಲೂ ಒಳಗೆ ಹೋಗದ ರೇಂಜು ವರಾಂಡದಲ್ಲಿ ಕೂತು ಗಿಡದ ಕುಂಡ ಹೊರುತ್ತದೆ.

ಕಳಚುವುದು ಮತ್ತು ತೊಳೆಯುವುದು

ಪ್ರತಿ ಸ್ಕ್ರೂ ತೆಗೆಯುವ ಮೊದಲು ಫೋನಿನಲ್ಲಿ ಫೋಟೊ. ಕಾಕ್‌ಗಳನ್ನು, ಅಂದರೆ ನಾಬಿನ ಹಿಂದಿರುವ ಹಿತ್ತಾಳೆಯ ವಾಲ್ವುಗಳನ್ನು, ಎಡದಿಂದ ಬಲಕ್ಕೆ ಇದ್ದ ಕ್ರಮದಲ್ಲೇ ಮೊಟ್ಟೆಯ ಟ್ರೇಯಲ್ಲಿಡಿ, ಗುಳಿಯ ಪಕ್ಕದಲ್ಲಿ ನಂಬರು ಬರೆಯಿರಿ. ಇದು ಶಿಸ್ತಿಗಾಗಿ ಹೇಳಿದ ಮಾತಲ್ಲ. ಹಳೇ ಕಾಕ್‌ನ ಒಳಗೆ ಮೊನಚಾಗುತ್ತ ಹೋಗುವ ಒಂದು ಹಿತ್ತಾಳೆ ಗೂಟ ಇರುತ್ತದೆ. ಅದನ್ನು ಅದರದೇ ಕೊಳವೆಗೆ ಉಜ್ಜಿ ಉಜ್ಜಿ ಕೂಡಿಸಿರುತ್ತಾರೆ. ಒಂದರ ಗೂಟ ಇನ್ನೊಂದರ ಕೊಳವೆಗೆ ಹೋದರೆ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಸುತ್ತಲೂ ಸರಾಗ, ಆದರೆ ಗ್ಯಾಸು ಸೋರುತ್ತಲೇ ಇರುತ್ತದೆ.

ಎನಾಮಲ್ ಎಂದರೆ ಬಣ್ಣವಲ್ಲ, ಲೋಹದ ಮೇಲೆ ಕರಗಿಸಿ ಕೂರಿಸಿದ ಗಾಜು. ಹಾಗಾಗಿ ಉಕ್ಕಿನ ನಾರು, ಬ್ಲೇಡು, ಹರಳುಹರಳಾದ ಪುಡಿ ಯಾವುದೂ ಬೇಡ. ಒಮ್ಮೆ ಗೀರು ಬಿದ್ದರೆ ಅದರಲ್ಲಿ ಜಿಡ್ಡು ಕೂತು ಶಾಶ್ವತ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ, ಹಳೇ ಪಂಚೆಯ ತುಂಡನ್ನು ಅದರಲ್ಲಿ ಅದ್ದಿ ಜಿಡ್ಡಿನ ಮೇಲೆ ಹೊದಿಸಿ ರಾತ್ರಿಯಿಡೀ ಬಿಡಿ. ಕೈಗೆ ಗ್ಲವ್ಸ್ ಇರಲಿ. ಬೆಳಗ್ಗೆ ಮರದ ಚಮಚದಲ್ಲಿ ತಳ್ಳಿದರೆ ಮೂವತ್ತು ವರ್ಷದ ಒಗ್ಗರಣೆ ಹಾಳೆಹಾಳೆಯಾಗಿ ಬರುತ್ತದೆ: ಮೇಲೆ ಕಪ್ಪು, ನಡುವೆ ಜೇನಿನ ಬಣ್ಣ, ತಳದಲ್ಲಿ ಹಳದಿ ಅಂಟು, ಅದರೊಳಗೆ ಅಲ್ಲೊಂದು ಇಲ್ಲೊಂದು ಸಾಸಿವೆ ಕಾಳು. ಅಲ್ಯೂಮಿನಿಯಂ ಭಾಗಗಳಿಗೆ ಮಾತ್ರ ಈ ಸೋಡಾ ತಾಗಿಸಬೇಡಿ, ಕಪ್ಪಗಾಗಿ ಸವೆಯುತ್ತವೆ. ಅವಕ್ಕೆ ಪಾತ್ರೆ ಸೋಪು, ಬಿಸಿನೀರು ಸಾಕು.

ಬರ್ನರಿನ ತೂತುಗಳನ್ನು ಹಲ್ಲುಕಡ್ಡಿಯಿಂದ ಬಿಡಿಸಿ, ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಪಾತ್ರೆ ಕೂರುವ ಕಬ್ಬಿಣದ ಚೌಕಟ್ಟಿಗೆ ತುಕ್ಕಿದ್ದರೆ ತಂತಿ ಬ್ರಷ್ಷಿನಲ್ಲಿ ಉಜ್ಜಿ, ದೋಸೆ ಹೆಂಚು ಪಳಗಿಸುವ ಹಾಗೆ ತೆಳ್ಳಗೆ ಎಣ್ಣೆ ಸವರಿ ಕಾಯಿಸಿ.

ಎನಾಮಲ್ ಚಕ್ಕೆ ಎದ್ದ ಕಡೆ ಏನು ಮಾಡುವುದು? ಮತ್ತೆ ನಿಜವಾದ ಎನಾಮಲ್ ಆಗಬೇಕಾದರೆ ಸುಮಾರು 800 ಡಿಗ್ರಿಯ ಭಟ್ಟಿಗೆ ಹೋಗಬೇಕು. ಹೊರಮೈಯ ಚಿಕ್ಕ ಚಕ್ಕೆಗೆ ಎಪಾಕ್ಸಿ ಟಚ್‌ಅಪ್ ನಡೆಯುತ್ತದೆ. ಬರ್ನರಿನ ಪಕ್ಕ ಮತ್ತು ಓವನ್ ಒಳಗೆ ಅದು ಬೇಡ, ಸುಟ್ಟು ವಾಸನೆ ಬರುತ್ತದೆ. ಕಾರಿನ ಬಣ್ಣ ಹೊಡೆಸಿ ಫಳಫಳ ಮಾಡಿಸುವವರನ್ನು ನೋಡಿದ್ದೇನೆ. ನಾಲ್ಕು ಚಕ್ಕೆ ಎದ್ದ ಅಸಲಿ ಎನಾಮಲ್ಲೇ ನನಗೆ ಇಷ್ಟ.

ಗ್ಯಾಸಿನ ದಾರಿ: ಇಲ್ಲಿ ಜಿಪುಣತನ ಬೇಡ

ಮೊದಲು ಜೆಟ್. ಬರ್ನರಿನ ಕೊಳವೆಯ ಬಾಯಲ್ಲಿರುವ ಪುಟ್ಟ ಹಿತ್ತಾಳೆ ತುಂಡು ಅದು. ನಡುವಿನ ಸೂಜಿಮೊನೆಯ ತೂತಿನಿಂದ ಗ್ಯಾಸು ಚಿಮ್ಮುತ್ತದೆ. ಅಷ್ಟೇ ಗಾತ್ರದ ಅನಿಲವನ್ನು ಉರಿಸಿದಾಗ ಎಲ್‌ಪಿಜಿ ಕೊಡುವ ಶಾಖ ನೈಸರ್ಗಿಕ ಅನಿಲದ ಎರಡೂವರೆ ಪಟ್ಟಿನ ಆಸುಪಾಸು. ಆದ್ದರಿಂದ ನೈಸರ್ಗಿಕ ಅನಿಲದ ಜೆಟ್ಟಿಗೆ ದೊಡ್ಡ ತೂತು, ಎಲ್‌ಪಿಜಿ ಜೆಟ್ಟಿಗೆ ಚಿಕ್ಕದು. ವಿದೇಶಿ ರೇಂಜಿನ ಹಳೇ ಜೆಟ್ ಹಾಗೇ ಇಟ್ಟು ಸಿಲಿಂಡರ್ ಜೋಡಿಸಿದರೆ ಉರಿ ಒಂದಡಿ ಏಳುತ್ತದೆ, ಹಳದಿಯಾಗಿ, ಮಸಿ ಉಗುಳುತ್ತ. ಎಲ್‌ಪಿಜಿ ಜೆಟ್ ಹೊಸದಾಗಿ ಹಾಕಿಸಲೇಬೇಕು, ಓವನ್ನಿನ ಬರ್ನರಿಗೂ ಸೇರಿ. ಗ್ರಿಲ್ ಇದ್ದರೆ ಅದಕ್ಕೂ.

ಜೆಟ್ ಕಟ್ಟಿಕೊಂಡಿತೆಂದು ಸೇಫ್ಟಿ ಪಿನ್ ಚುಚ್ಚುವ ಅಭ್ಯಾಸ ನಮ್ಮ ಮನೆಮನೆಯಲ್ಲೂ ಇದೆ. ಹಿತ್ತಾಳೆ ಮೆತ್ತಗಿನ ಲೋಹ; ಚುಚ್ಚಿದಷ್ಟೂ ತೂತು ದೊಡ್ಡದಾಗುತ್ತದೆ, ಉರಿ ಹಳದಿಯಾಗುತ್ತದೆ, ಗ್ಯಾಸು ಬೇಗ ಮುಗಿಯುತ್ತದೆ. ಬಿಚ್ಚಿ, ಸೋಪು ನೀರಿನಲ್ಲಿ ನೆನೆಸಿ, ಊದಿ ಒಣಗಿಸಿ. ಹೋಗದಿದ್ದರೆ ಹೊಸದು ಹಾಕಿ, ಅಷ್ಟೇನೂ ದುಬಾರಿಯಲ್ಲ.

ಮನೆಗೆ ಗೇಲ್ ಗ್ಯಾಸಿನ ಪೈಪ್‌ಲೈನ್ ಬಂದಿದ್ದರೆ ಲೆಕ್ಕ ತಿರುಗಾಮುರುಗಾ: ಅಲ್ಲಿ ಬರುವುದು ನೈಸರ್ಗಿಕ ಅನಿಲ, ಭಾರತೀಯ ರೇಂಜಿನ ಎಲ್‌ಪಿಜಿ ಜೆಟ್ಟನ್ನೇ ಬದಲಿಸಬೇಕು. ಆ ಬದಲಾವಣೆ ಅವರ ತಂತ್ರಜ್ಞರಿಂದಲೇ ಆಗಲಿ.

ಇನ್ನು ಕಾಕ್. ಒಣಗಿದ ಹಳೇ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿ, ಗ್ಯಾಸ್ ಕಾಕ್‌ಗೆಂದೇ ಸಿಗುವ ಶಾಖ ತಡೆಯುವ ಗ್ರೀಸನ್ನು ಗೂಟಕ್ಕೆ ತೆಳ್ಳಗೆ ಸವರಿ, ಗ್ಯಾಸು ಹೋಗುವ ತೂತಿಗೆ ತುಂಬದಂತೆ. ಕೊಬ್ಬರಿ ಎಣ್ಣೆ, ಸೈಕಲ್ ಗ್ರೀಸು ನಡೆಯುವುದಿಲ್ಲ; ಬಿಸಿಗೆ ಕರಗಿ ಹರಿದುಹೋಗುತ್ತದೆ, ಸೋರಿಕೆ ಮತ್ತೆ ಶುರು. ಗೂಟದ ಮೇಲೆ ಉಗುರಿಗೆ ತಗಲುವ ಗೀರಿದ್ದರೆ ಗ್ರೀಸು ಅದನ್ನು ಮುಚ್ಚಲಾರದು, ಕಾಕ್ ಬದಲಿಸಿ.

ಟ್ಯೂಬು, ರೆಗ್ಯುಲೇಟರ್ ಎರಡೂ ಹೊಸದು. ಐಎಸ್‌ಐ ಗುರುತಿನ, ಒಳಗೆ ತಂತಿಯ ಹೆಣಿಗೆಯಿರುವ ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬು ತನ್ನಿ, ಐದು ವರ್ಷಕ್ಕೊಮ್ಮೆ ಬದಲಿಸಿ. ಉದ್ದ ಒಂದೂವರೆ ಮೀಟರ್ ದಾಟದಿರಲಿ. ರೇಂಜಿನ ವಿಷಯದಲ್ಲಿ ಒಂದು ಹೆಚ್ಚಿನ ಎಚ್ಚರ: ಓವನ್ನಿನ ಬೆನ್ನು ಸುಡುತ್ತದೆ, ಟ್ಯೂಬು ಅದರ ಹಿಂದೆ ಹಾಯಲೇಬಾರದು. ಬೇರೆ ದಾರಿಯಿಲ್ಲದಿದ್ದರೆ ಗ್ಯಾಸ್ ಪೈಪಿನ ಕೆಲಸ ಬಲ್ಲವರಿಂದ ಗೋಡೆಯಗುಂಟ ಲೋಹದ ಪೈಪು ಎಳೆಸಿ. ಮನೆಬಳಕೆಯ ರೆಗ್ಯುಲೇಟರ್ ಕೊಡುವ ಒತ್ತಡ ಚದರ ಸೆಂಟಿಮೀಟರಿಗೆ 30 ಗ್ರಾಮ್. ‘ಉರಿ ಸಾಲದು, ಹೋಟೆಲಿನ ರೆಗ್ಯುಲೇಟರ್ ಹಾಕಿ’ ಎನ್ನುವ ಮೆಕ್ಯಾನಿಕ್‌ಗೆ ಟೀ ಕೊಟ್ಟು ಕಳಿಸಿಬಿಡಿ.

ಪಕ್ಕದ ಗೂಡಿನಲ್ಲಿ ಸಿಲಿಂಡರ್ ನಿಲ್ಲಿಸುವುದೂ ಬೇಡ, ಕಂಪನಿಯವರೇ ಜಾಗ ಮಾಡಿಕೊಟ್ಟಿದ್ದರೂ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ್ದು ಮುಚ್ಚಿದ ಗೂಡಿನ ತಳದಲ್ಲಿ ಕೂರುತ್ತದೆ, ಪಕ್ಕದಲ್ಲೇ ಓವನ್ನಿನ ಉರಿ. ಆ ಗೂಡಿಗೆ ಎರಡು ಹಲಗೆ ಹಾಕಿದರೆ ಬಾಣಲೆ, ಹಂಚು ಇಡಲು ಹೇಳಿ ಮಾಡಿಸಿದ ಜಾಗ.

ಸೋರಿಕೆ ಪರೀಕ್ಷೆಗೆ ಬೆಂಕಿಕಡ್ಡಿ ಬಳಸುವವರು ಇನ್ನೂ ಇದ್ದಾರೆಂದು ಹೇಳಲು ನಾಚಿಕೆ. ಸೋಪು ನೀರನ್ನು ನೊರೆ ಬರಿಸಿ ಬಣ್ಣದ ಬ್ರಷ್ಷಿನಲ್ಲಿ ಪ್ರತಿ ಜೋಡಣೆಗೂ, ಕಾಕ್‌ಗಳ ಸುತ್ತಲೂ ಹಚ್ಚಿ. ನಾಬ್‌ಗಳು ಬಂದ್, ರೆಗ್ಯುಲೇಟರ್ ಆನ್. ಒಂದೇ ಒಂದು ಗುಳ್ಳೆ ನಿಧಾನವಾಗಿ ಊದಿಕೊಂಡರೂ ಅದು ಸೋರಿಕೆಯೇ. ಆಮೇಲೆ ಏಜೆನ್ಸಿಯ ಮೆಕ್ಯಾನಿಕ್‌ನನ್ನು ಕರೆಸಿ ತೋರಿಸಿ. ಐಎಸ್‌ಐ ಗುರುತಿಲ್ಲದ ಒಲೆಗೆ ಅವರು ತಕರಾರು ತೆಗೆಯಬಹುದು, ತೆಗೆದರೆ ಅದರಲ್ಲಿ ತಪ್ಪೇನೂ ಇಲ್ಲ. ಆಗ ಉಳಿಯುವ ದಾರಿ: ಮೇಲಿನ ಬರ್ನರ್‌ಗಳನ್ನು ಕಳಚಿ, ಆ ಜಾಗಕ್ಕೆ ಹಲಗೆ ಕೂರಿಸಿ ಐಎಸ್‌ಐ ಗುರುತಿನ ಹೊಸ ಸ್ಟವ್ ಇಟ್ಟು, ಓವನ್ನನ್ನು ಪಾತ್ರೆ ಕಪಾಟು ಮಾಡಿಕೊಳ್ಳುವುದು. ನೋಡಲು ರೇಂಜು, ಉರಿ ಮಾತ್ರ ಹೊಸದು. ಇದರಿಂದ ಮರ್ಯಾದೆ ಕಡಿಮೆಯಾಗುವುದಿಲ್ಲ.

ಗ್ಯಾಸಿನ ವಾಸನೆ ಬಂದ ದಿನ ಸ್ವಿಚ್ಚು ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆಗೆದು ಹೊರಗೆ ಬಂದು 1906ಕ್ಕೆ ಕರೆಮಾಡಿ.

ಉರಿ ನೋಡಿ ತಿಳಿಯುವುದು, ಓವನ್ ಪಳಗಿಸುವುದು

ಒಳ್ಳೆಯ ಉರಿ ನೀಲಿ, ಒಳಗಿನ ಉರಿನಾಲಗೆ ಚೂಪು, ಸದ್ದು ಮೆಲ್ಲಗೆ. ತುದಿ ಹಳದಿಯಾದರೆ ಗಾಳಿ ಸಾಲದು: ಬರ್ನರಿನ ಕೊಳವೆಯ ಬಾಯಲ್ಲಿರುವ ತಿರುಗುವ ತಗಡಿನ ಪಟ್ಟಿಯನ್ನು ಸ್ವಲ್ಪ ತೆರೆಯಿರಿ. ಉರಿ ಬರ್ನರಿನಿಂದ ಮೇಲೆದ್ದು ಹಾರುತ್ತಿದ್ದರೆ ಗಾಳಿ ಹೆಚ್ಚು, ಅದೇ ಪಟ್ಟಿಯನ್ನು ಮುಚ್ಚಿ. ‘ಟಪ್’ ಎಂದು ಒಳಗೆ ಹೋಗಿ ಜೆಟ್ಟಿನ ಬಾಯಲ್ಲೇ ಉರಿಯತೊಡಗಿದರೆ ತಕ್ಷಣ ಆರಿಸಿ, ತಣ್ಣಗಾದ ಮೇಲೆ ಬರ್ನರ್ ಸರಿಯಾಗಿ ಕೂತಿದೆಯೇ ನೋಡಿ.

ಓವನ್ನಿಗೆ ಬಾಗಿಲು ಪೂರ್ತಿ ತೆರೆದು, ಮೊದಲು ಕಡ್ಡಿ ಗೀರಿ, ಆಮೇಲೆ ನಾಬ್ ತಿರುಗಿಸಿ. ಈಗಿನ ಓವನ್ನುಗಳಲ್ಲಿ ಉರಿ ಆರಿದರೆ ಗ್ಯಾಸು ತಾನಾಗಿ ನಿಲ್ಲುವ ಏರ್ಪಾಡಿದೆ. ಹಳೆಯವುಗಳಲ್ಲಿ ಬಹುಪಾಲು ಇಲ್ಲ. ಆರಿದ ಮೇಲೂ ಗ್ಯಾಸು ತುಂಬುತ್ತಲೇ ಇರುತ್ತದೆ. ಹಾಗಾಗಿ ಓವನ್ ಉರಿಯುವಾಗ ಅಡುಗೆಮನೆ ಬಿಟ್ಟು ಹೋಗಬೇಡಿ, ಆರಿದ್ದು ಕಂಡರೆ ನಾಬ್ ಬಂದ್ ಮಾಡಿ, ಗ್ಯಾಸು ಪೂರ್ತಿ ಚದುರುವ ತನಕ ಕಿಟಕಿ ಬಾಗಿಲು ತೆರೆದಿಟ್ಟು, ಆಮೇಲಷ್ಟೇ ಮತ್ತೆ ಹಚ್ಚಿ.

ಹಳೇ ಥರ್ಮೋಸ್ಟಾಟ್ ಹೇಳುವುದನ್ನು ನಂಬಬೇಡಿ. ಒಂದು ಓವನ್ ಥರ್ಮಾಮೀಟರ್ ಕೊಂಡು ನಡುತಟ್ಟೆಯಲ್ಲಿಡಿ. ಬ್ರಿಟಿಷ್ ಅಂಕಿಗಳ ಲೆಕ್ಕ ಇದು: 1 ಅಂದರೆ ಸುಮಾರು 140 ಡಿಗ್ರಿ ಸೆಲ್ಸಿಯಸ್, 2 ಅಂದರೆ 150, 4 ಅಂದರೆ 180, 6 ಅಂದರೆ 200, 8 ಅಂದರೆ 230. ಅಮೆರಿಕದ ನಾಬಿನ 350 ಎಂದರೆ ನಮ್ಮ 180ರ ಹತ್ತಿರ. ಥರ್ಮಾಮೀಟರಿನ ಮೇಲೂ ಅನುಮಾನವಿದ್ದರೆ ಸಕ್ಕರೆ ಇದೆ, ಅದು 186 ಡಿಗ್ರಿಯ ಆಸುಪಾಸು ಕರಗುತ್ತದೆ. 175ಕ್ಕೆ ಇಟ್ಟು ಕಾಲು ಗಂಟೆಯಲ್ಲಿ ಒಂದು ಚಮಚ ಸಕ್ಕರೆ ಕರಗಿತೋ, ಓವನ್ ಹೆಚ್ಚು ಕಾಯುತ್ತಿದೆ; 195ಕ್ಕೂ ಕರಗಲಿಲ್ಲವೋ, ಕಡಿಮೆ. ಕುದಿಯುವ ನೀರಿನಲ್ಲಿ ಅದ್ದಿ ನೋಡುವ ಥರ್ಮಾಮೀಟರ್ ಆದರೆ ಬೆಂಗಳೂರಿನಲ್ಲಿ 100 ತೋರಿಸಲಿಲ್ಲವೆಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಈ ಊರಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ.

ಅಮೆರಿಕದ ರೇಂಜಿನ ದೀಪ, ಗಡಿಯಾರಗಳ ಬಗ್ಗೆ ಒಂದು ಮಾತು. ಅವು 120 ವೋಲ್ಟಿನವು, ನಮ್ಮದು 230. ನೇರ ಜೋಡಿಸಿದರೆ ಹೊಗೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಆದರೂ ಅಲ್ಲಿನ ಕರೆಂಟು 60 ಹರ್ಟ್ಸ್, ಇಲ್ಲಿನದು 50 ಆದ್ದರಿಂದ ಕರೆಂಟಿನ ಲಯಕ್ಕೇ ನಡೆಯುವ ಆ ಗಡಿಯಾರ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಬಟ್ಟೆ ಸುತ್ತಿದ ಹಳೇ ವೈರುಗಳನ್ನೆಲ್ಲ ಕಿತ್ತು ಹೊಸದು ಹಾಕಿಸಿ, ಅರ್ತಿಂಗ್ ಕೊಡಿಸಿ.

ರೇಂಜು ನಿಲ್ಲುವ ಜಾಗ

ಕೆಳಗೆ ಗಟ್ಟಿ ನೆಲ, ಹಿಂದೆ ಮರವಿಲ್ಲದ ಗೋಡೆ, ಎರಡೂ ಪಕ್ಕ ನಾಲ್ಕು ಬೆರಳಿಗಿಂತ ಹೆಚ್ಚು ಜಾಗ. ಕಿಟಕಿಯ ಎದುರು ಬೇಡ, ಗಾಳಿಗೆ ಉರಿ ಆರುತ್ತದೆ. ಎಲ್‌ಪಿಜಿ ಇದ್ದರೆ ನೆಲಮಟ್ಟದಲ್ಲಿ ಹೊರಗೋಡೆಗೆ ಒಂದು ಜಾಲರಿ ತೂತು ಬೇಕು. ಪೈಪ್‌ಲೈನ್ ಅನಿಲ ಗಾಳಿಗಿಂತ ಹಗುರ, ಅದಕ್ಕೆ ಮೇಲೆ. ಹಳೇ ಮನೆಯ ಗವಾಕ್ಷಿಯನ್ನು ಯಾರೋ ಹಿಂದೆ ಇಟ್ಟಿಗೆಯಿಟ್ಟು ಮುಚ್ಚಿಸಿರುತ್ತಾರೆ, ಮತ್ತೆ ತೆರೆಸಿ ಅದರಲ್ಲೇ ಎಕ್ಸಾಸ್ಟ್ ಫ್ಯಾನ್ ಕೂರಿಸಬಹುದು.

ಪಕ್ಕದ ಕಟ್ಟೆಗೆ ಕಡಪ ಕಲ್ಲಿದ್ದರೆ ಉಳಿಸಿ. ಅದು ಗ್ರಾನೈಟ್ ಅಲ್ಲ, ಕಪ್ಪು ಸುಣ್ಣಕಲ್ಲು; ನಿಂಬೆರಸ, ಮೊಸರು, ಹುಣಸೆ ಚೆಲ್ಲಿದರೆ ಬಿಳಿ ಕಲೆ ಬೀಳುತ್ತದೆ. ಚೆಲ್ಲಿದ ತಕ್ಷಣ ಒರೆಸಿ, ಒಮ್ಮೊಮ್ಮೆ ಒಂದೆರಡು ಹನಿ ಎಣ್ಣೆ ಉಜ್ಜಿ. ಅದರ ಅಂಚು ಮುಕ್ಕಾಗಿದ್ದರೆ ಹಾಗೇ ಇರಲಿ.

ನೆಲ: ಇಲ್ಲಿ ಅವಸರ ಮಾಡಿದವರು ಕೆಟ್ಟರು

ರೆಡ್ ಆಕ್ಸೈಡ್ ನೆಲವನ್ನು ಈಗ ಹೊಸದಾಗಿ ಚೆನ್ನಾಗಿ ಮಾಡಬಲ್ಲ ಮೇಸ್ತ್ರಿಗಳು ಕಡಿಮೆ. ಆದ್ದರಿಂದ ಇರುವ ನೆಲವನ್ನು ಕೀಳುವ ಮಾತೇ ಬೇಡ. ಅದು ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಬೆರೆಸಿ ಕರಣೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ತರಿಸಿದ ತೆಳ್ಳನೆ ಪದರ, ಮೇಲೆ ಹಚ್ಚಿದ ಬಣ್ಣವಲ್ಲ.

ಮೊದಲು ತಟ್ಟಿ ನೋಡಿ. ಬೆರಳ ಗೆಣ್ಣಿನಿಂದ ಅಥವಾ ಮರದ ಹಿಡಿಯಿಂದ ತಟ್ಟುತ್ತ ಹೋದರೆ ಗಟ್ಟಿಯಿದ್ದ ಕಡೆ ಸದ್ದು ಮೊಂಡು, ಕೆಳಗೆ ಬಿಟ್ಟುಕೊಂಡ ಕಡೆ ಟೊಳ್ಳು. ಟೊಳ್ಳಿನ ಜಾಗವನ್ನು ಸೀಮೆಸುಣ್ಣದಲ್ಲಿ ಗುರುತಿಸಿ. ಅದರ ಮೇಲೆ ರೇಂಜಿನ ಕಾಲು ಬಂದರೆ ನೆಲ ಒಡೆಯುತ್ತದೆ. ಕೂದಲೆಳೆಯ ಬಿರುಕುಗಳನ್ನು ಮುಟ್ಟಬೇಡಿ, ಅವು ಆ ನೆಲದ ಗುಣ.

ತೊಳೆಯಲು ಮೆದು ಸೋಪು, ಬಿಸಿನೀರು, ತೆಂಗಿನ ನಾರು. ಬಾತ್‌ರೂಮಿನ ಆಸಿಡ್ ಹಾಕಿದರೆ ಅಲ್ಲಿಗೆ ಮುಗಿಯಿತು, ಮೇಲ್ಪದರ ತಿಂದು ಬಿಳಿಚಿಕೊಳ್ಳುತ್ತದೆ. ಹಿತ್ತಾಳೆಗೆ ಒಳ್ಳೆಯದೆಂದು ಹುಣಸೆಹಣ್ಣನ್ನು ನೆಲಕ್ಕೂ ತರುವವರಿದ್ದಾರೆ, ಅದೂ ಹುಳಿಯೇ, ಬೇಡ. ಪೂರ್ತಿ ಒಣಗಿದ ಮೇಲೆ ಕೆಂಪು ಮ್ಯಾನ್ಶನ್ ಪಾಲಿಶನ್ನು ತೆಳ್ಳಗೆ ಹಚ್ಚಿ, ಒಣಬಟ್ಟೆಯಿಂದ ತಿಕ್ಕಿ. ಕೊಬ್ಬರಿ ಎಣ್ಣೆಯೂ ನಡೆಯುತ್ತದೆ, ಅಂಗೈಗೆ ಹಚ್ಚಿಕೊಂಡಷ್ಟು ಮಾತ್ರ. ಹೆಚ್ಚಾದರೆ ಜಾರುತ್ತದೆ, ಧೂಳು ಕಚ್ಚಿಕೊಳ್ಳುತ್ತದೆ.

ಪೈಪಿಗಾಗಿ ಅಗೆದ ಕಡೆ ತೇಪೆ ಹಾಕಿಸುವುದಾದರೆ ಒಂದು ಕಿವಿಮಾತು. ಹೊಸ ಕೆಂಪು ಹಳೇ ಕೆಂಪಿಗೆ ಎಂದೂ ಹೊಂದುವುದಿಲ್ಲ, ‘ಮ್ಯಾಚ್ ಮಾಡಿಕೊಡ್ತೀನಿ ಸಾರ್’ ಎಂದು ಮೇಸ್ತ್ರಿ ಎಷ್ಟೇ ಹೇಳಲಿ. ಹೊಂದಿಸಲು ಹೋಗಬೇಡಿ. ಅಗೆದ ಜಾಗವನ್ನು ನೇರ ಪಟ್ಟಿಯಾಗಿ ಕತ್ತರಿಸಿ ಕಪ್ಪು ಆಕ್ಸೈಡಿನಲ್ಲಿ ತುಂಬಿಸಿ. ಹಳೇ ಮನೆಗಳಲ್ಲಿ ಕೆಂಪು ನೆಲಕ್ಕೆ ಕಪ್ಪು ಅಂಚು ಮೊದಲಿನಿಂದಲೂ ಇತ್ತು, ಮೊದಲೇ ಹಾಗಿತ್ತು ಎನ್ನುವಂತೆ ಕೂರುತ್ತದೆ. ಹೊಸ ಪಟ್ಟಿಗೆ ಕನಿಷ್ಠ ಒಂದು ವಾರ ನೀರು ಕಟ್ಟಿ.

ಮೊಸಾಯಿಕ್ ನೆಲ ಇದಕ್ಕಿಂತ ಸುಲಭ. ಮೆಷಿನ್ ತಂದು ಒರಟು ಕಲ್ಲಿನಿಂದ ನಯವಾದ ಕಲ್ಲಿನವರೆಗೆ ಹಂತಹಂತವಾಗಿ ಉಜ್ಜಿಸಿ ಪಾಲಿಶ್ ಮಾಡಿಸಿದರೆ ಎಪ್ಪತ್ತರ ದಶಕ ಮತ್ತೆ ಹೊಳೆಯುತ್ತದೆ. ಉಜ್ಜುವಾಗ ಹೊರಡುವ ಕೆಸರನ್ನು ಮೋರಿಗೆ ಬಿಡಬೇಡಿ, ಪೈಪಿನೊಳಗೆ ಗಟ್ಟಿಯಾಗುತ್ತದೆ.

ಗೋಡೆ, ಟೈಲು, ಬೆಳಕು

ಗುಲಾಬಿ, ತಿಳಿಹಸಿರು, ಆಕಾಶನೀಲಿ ಟೈಲುಗಳನ್ನು ಕಂಡರೆ ಮೂಗು ಮುರಿಯುವ ಕಾಲ ಮುಗಿಯುತ್ತಾ ಬಂದಿದೆ. ಒಡೆದ ಟೈಲಿಗೆ ಜೋಡಿ ಬೇಕೆಂದರೆ ಅಂಗಡಿ ಅಲೆಯುವ ಮೊದಲು ಮನೆಯಲ್ಲೇ ನೋಡಿ: ಕಪಾಟಿನ ಹಿಂದೆ, ಸಿಂಕಿನ ಕೆಳಗೆ, ರೇಂಜಿನ ಬೆನ್ನು ಮುಚ್ಚುವ ಜಾಗದಲ್ಲಿ. ಅಲ್ಲಿಂದ ಹುಷಾರಾಗಿ ಎಬ್ಬಿಸಿ ಕಣ್ಣಿಗೆ ಕಾಣುವ ಕಡೆ ಹಾಕಿ, ಮರೆಯಲ್ಲಿ ಯಾವುದಾದರೂ ಬಿಳಿ ಟೈಲು ಸಾಕು. ಟೈಲುಗಳ ಸಂದಿಗೆ ಹೊಸ ಗ್ರೌಟ್ ತುಂಬಿಸಿದರೆ ಅರ್ಧ ಹಳೇತನ ಹೋಗಿಬಿಡುತ್ತದೆ. ಕೊಳಕಾಗಿ ಕಾಣುತ್ತಿದ್ದದ್ದು ಟೈಲಲ್ಲ, ಸಂದು.

ಹಳೇ ಎಣ್ಣೆಬಣ್ಣದಲ್ಲಿ ಸೀಸ ಇರಬಹುದು. ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಪಾಲು, ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದೇ 2017ರಲ್ಲಿ. ಕಿಟಕಿ, ಬಾಗಿಲು, ಗ್ರಿಲ್ಲುಗಳನ್ನು ಒಣಗಿರುವಾಗ ಉಜ್ಜಬೇಡಿ. ನೀರು ಚಿಮುಕಿಸಿ ಎಮೆರಿ ಪೇಪರಿನಲ್ಲಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಆ ಕಡೆ ಬಿಡಬೇಡಿ.

ಬೆಳಕಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕೆಂಪು ನೆಲದ ಮೇಲೆ ಹಾಲುಬಿಳುಪಿನ ಎಲ್‌ಇಡಿ ಟ್ಯೂಬು ಹಾಕಿದರೆ ನೆಲ ಸತ್ತಂತೆ ಕಾಣುತ್ತದೆ. 2700 ಕೆಲ್ವಿನ್ ಎಂದು ಬರೆದಿರುವ ಹಳದಿ ಬೆಳಕಿನ ಬಲ್ಬು ಹಾಕಿ, ತರಕಾರಿ ಹೆಚ್ಚುವ ಕಟ್ಟೆಯ ಮೇಲೆ ಮಾತ್ರ ಬಿಳಿ. ಬೇಕಲೈಟ್ ಸ್ವಿಚ್ಚಿನ ಮೇಲೆ ಮೋಹವಿದ್ದರೆ ಅದನ್ನು ದೀಪಕ್ಕಷ್ಟೇ ಇಟ್ಟುಕೊಳ್ಳಿ, ಒಳಗಿನ ಸಂಪರ್ಕ ಎಲೆಕ್ಟ್ರಿಷಿಯನ್ ನೋಡಿದ ಮೇಲೆ. ಮಿಕ್ಸಿ, ಫ್ರಿಜ್ಜಿಗೆ ಹೊಸ ಪಾಯಿಂಟೇ ಬೇಕು.

ಮರದ ಸಾಮಾನಿನ ವಿಷಯ ಚುಟುಕಾಗಿ. ತೇಗದ ಷೋಕೇಸಿನ ಪಾಲಿಶ್ ಯಾವುದೆಂದು ತಿಳಿಯಲು ಹಿಂಭಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ನೋಡಿ. ಅಂಟಂಟಾಗಿ ಕರಗಿದರೆ ಅರಗಿನ ಫ್ರೆಂಚ್ ಪಾಲಿಶ್, ಅದನ್ನು ಕೆರೆಯದೆ ಮೇಲಿಂದಲೇ ಹೊಸದು ಹಚ್ಚಬಹುದು. ಎಂಬತ್ತರ ದಶಕದ, ಮರದ ಗೆರೆಯ ಸನ್‌ಮೈಕಾ ಅಂಚು ಬಿಟ್ಟಿದ್ದರೆ ಅಂಟು ಹಾಕಿ ಭಾರ ಹೇರಿ ಕೂರಿಸಿ. ರೆಕ್ಸಿನ್ ಸೋಫಾ ಬಿರಿದಿದ್ದರೆ ಅದನ್ನು ಮಾತ್ರ ಹಿಂದೆಮುಂದೆ ನೋಡದೆ ಬದಲಿಸಿ. ಬೆವರಿಗೆ ಅಂಟುತ್ತಿದ್ದ ಆ ಕಾಲ ಮತ್ತೆ ಬೇಕಾಗಿಲ್ಲ.

ಕೊನೆಗೆ, ಇಷ್ಟೆಲ್ಲ ನೋಡಿದ ಮೇಲೂ ನಿಮ್ಮ ರೇಂಜು ದುರಸ್ತಿಗೆ ಒಗ್ಗದು ಎಂದಾದರೆ ಇಡಿಯಾಗಿ ಗುಜರಿಗೆ ಹಾಕಬೇಡಿ. ಬರ್ನರ್ ಮುಚ್ಚಳ, ಪಾತ್ರೆ ಚೌಕಟ್ಟು, ನಾಬ್, ಬಾಗಿಲಿನ ಸ್ಪ್ರಿಂಗ್, ಓವನ್ ತಟ್ಟೆಗಳನ್ನು ಕಳಚಿ, ಹಿಂಭಾಗದ ತಗಡಿನ ಪಟ್ಟಿಯ ಫೋಟೊ ಜೊತೆ ಒಂದು ಡಬ್ಬದಲ್ಲಿಟ್ಟುಕೊಳ್ಳಿ. ಅದೇ ಮಾದರಿಯ ಇನ್ನೊಂದು ರೇಂಜು ಇಟ್ಟುಕೊಂಡು ಇದೇ ಮುಚ್ಚಳಕ್ಕಾಗಿ ಶಿವಾಜಿನಗರ ಸುತ್ತುತ್ತಿರುವವರು ಯಾರಾದರೂ ಇದ್ದೇ ಇರುತ್ತಾರೆ.